ಕಾಕ್ಸ್ ಎಂಬ ಮನೆತನದ ಹೆಸರು

ಬೆಂಗಳೂರು ದಂಡಿನ ಪೂರ್ವಭಾಗದಲ್ಲಿ ವಾಸಮಾಡುವವರು ನಿತ್ಯವೂ ಉಚ್ಚರಿಸುವ ಹೆಸರುಗಳಲ್ಲಿ ಕಾಕ್ಸ್ ಟೌನ್ ಎಂಬುದು ಒಂದು. ಹಲಸೂರಿಗೆ ಉತ್ತರದಲ್ಲಿ, ಫ್ರೇಸರ್ ಟೌನು ಕುಕ್ ಟೌನುಗಳ ನೆರೆಯಲ್ಲಿರುವ ಈ ಬಡಾವಣೆಯನ್ನು ಅರಿಯದವರು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಯಾರೂ ಇರಲಾರರು. ಆದರೆ ಆ ಹೆಸರಿಗೆ ಅರ್ಥವೇನೆಂದು ಕೇಳಿದರೆ, ಅದು ಹಿಂದಿನ ಕಾಲದ ಯಾರೋ ಒಬ್ಬ ದೊರೆಯ ಹೆಸರೆಂದು ಕೆಲವರು ಹೇಳುವರು. ಇಂಗ್ಲೀಷು ಬಲ್ಲ ಮಕ್ಕಳು ಅದರಲ್ಲಿ ಹುಂಜವನ್ನು ಕಂಡು ನಗುವರು. ಸಂಸ್ಕೃತವನ್ನೋದುವ ಮಕ್ಕಳು ಕಾಕವೆಂದರೆ ಕಾಗೆಯಲ್ಲವೇ ಎನ್ನುವರು. ಈ ಕೊನೆಯದು ಬರಿಯ ಧ್ವನಿಸಾಮ್ಯ. ಮೊದಲಿನ ಎರಡು ಉತ್ತರಗಳಲ್ಲಿ ಸತ್ಯಾಂಶವುಂಟು. ಆದರೂ ಅವು ಸಾಲವು. ಏಕೆಂದರೆ ಕಾಕ್ಸ್ ಎಂಬ ಒಂದೇ ಹೆಸರಿಗೆ ಆರಕ್ಕೆ ಕಡಮೆಯಿಲ್ಲದ ಮೂಲಗಳುಂಟು. ಅವುಗಳನ್ನು ಒಂದೊಂದಾಗಿ ಪರಿಶೀಲಿಸಿದರೆ, ಮನುಷ್ಯನ ಹೆಸರನ್ನು ಕೇಳಿದೊಡನೆಯೇ ಅವನ ಕುಲ, ದೇಶ, ಅಂತಸ್ತುಗಳನ್ನು ನಿರ್ಣಯಿಸಿಬಿಡುವ ನಮ್ಮ ಅಭ್ಯಾಸವು ಎಷ್ಟರಮಟ್ಟಿಗೆ ಯುಕ್ತವೆಂಬುದೂ ತಿಳಿದುಬರುವುದು.

ಮೊದಲು ಸ್ಥಳದ ವಿಚಾರವನ್ನು ಹೇಳುವೆನು. 1809ರಲ್ಲಿ ಇಂಗ್ಲೀಷರ ಸೈನ್ಯವು ಶ್ರೀರಂಗಪಟ್ಟಣವನ್ನು ಬಿಟ್ಟು ಬೆಂಗಳೂರಿನಲ್ಲಿ ನೆಲಸಿದಂದಿನಿಂದ ಹಲಸೂರಿನ ಸುತ್ತಲಿನ ಪ್ರದೇಶಕ್ಕೆ ದಂಡು ಎಂಬ ಹೆಸರಾಯಿತು. 1898ರಲ್ಲಿ ಪ್ಲೇಗುಮಾರಿಯು ಊರನ್ನು ಪೀಡಿಸಿದ ತರುವಾಯ, ಇಕ್ಕಟ್ಟಾದ ಕೇರಿಗಳ ಜನರಿಗಾಗಿ ಗಾಳಿಬೆಳಕುಗಳುಳ್ಳ ಹೊಸ ಬಡಾವಣೆಗಳು ಹುಟ್ಟಿದವು. ರೆಸಿಡೆಂಟರಾಗಿದ್ದ ಸ್ಟುವರ್ಟ್ ಫ್ರೇಸರ್ ಅವರ ಹೆಸರಿನ ಫ್ರೇಸರ್ ಟೌನಿಗೆ 1910ರಲ್ಲಿ ಅಸ್ತಿಭಾರವನ್ನಿಟ್ಟರು. ದಂಡಿನ ಕಲೆಕ್ಟರಾಗಿದ್ದ ಅಲೆಕ್ಸಾಂಡರ್ ರ್‍ಯಾಂಕಿನ್ ಕಾಕ್ಸ್ ಅವರ ಹೆಸರು ಕಾಕ್ಸ್ ಟೌನಿಗೂ, ಪುರಸಭೆಯ ಅಧ್ಯಕ್ಷರಾಗಿದ್ದ ಜಿ. ಎಚ್. ಕುಕ್ ಅವರ ಹೆಸರು ಕುಕ್ ಟೌನಿಗೂ ಬಂದವು. ಮುನಿಸಿಪಲ್ ಕಮಿಷನರಾಗಿದ್ದ ಟಿ. ಬಿ. ರಸೆಲ್ ಅವರ ಹೆಸರು, 1933ರಲ್ಲಿ ಪ್ರಾರಂಭೋತ್ಸವವಾದ ಶಿವಾಜಿನಗರದ ಮಾರುಕಟ್ಟೆಗೆ ನಿಂತಿತು. 1947ರಲ್ಲಿ ದಂಡು ಪ್ರದೇಶವು ಮೈಸೂರು ಸಂಸ್ಥಾನಕ್ಕೆ ಮರಳಿ ಸೇರಿತು. ಬಳಿಕ ಫ್ರೇಸರ್ ಟೌನಿಗೆ ಪುಲಕೇಶಿನಗರವೆಂಬ ಹೆಸರಾದರೂ ಜನರ ಬಾಯಲ್ಲಿ ಹಳೆಯ ಹೆಸರುಗಳೇ ಇನ್ನೂ ಉಳಿದಿವೆ.

ಇಂಗ್ಲೆಂಡಿನಲ್ಲಿಯಾದರೂ ಮನೆತನದ ಹೆಸರುಗಳು ಅನಾದಿಯಿಂದ ಇದ್ದವಲ್ಲ. 1066ರಲ್ಲಿ ನಾರ್ಮನ್ನರು ಆ ದೇಶವನ್ನು ಗೆದ್ದುಕೊಳ್ಳುವುದಕ್ಕೆ ಮುಂಚೆ ಒಬ್ಬನಿಗೆ ಒಂದೇ ಹೆಸರು. ಒಂದೇ ಹಳ್ಳಿಯಲ್ಲಿ ಹತ್ತು ಮಂದಿ ಜಾನರೂ ಹತ್ತು ಮಂದಿ ವಿಲಿಯಮ್ಮರೂ ಸೇರಿದಾಗ, ಕಂದಾಯದ ಲೆಕ್ಕ ಬರೆಯುವವರಿಗೆ ಯಾವ ಜಾನ್ ಎಂದು ಗುರುತಿಸುವ ಅವಶ್ಯಕತೆ ಉಂಟಾಯಿತು. ಆಗ ತಂದೆಯ ಹೆಸರು, ಇರುವ ಸ್ಥಳ, ಮಾಡುವ ಕಸಬು, ಮೈಬಣ್ಣ ಅಥವಾ ನಡತೆಯನ್ನು ಹಿಡಿದು ಊರವರಿಟ್ಟ ಹೆಸರು, ಈ ನಾಲ್ಕರಲ್ಲಿ ಯಾವುದಾದರೊಂದು ಅವನ ಹೆಸರಿಗೆ ಅಂಟಿಕೊಂಡಿತು. ಹದಿಮೂರು ಹದಿನಾಲ್ಕನೆಯ ಶತಮಾನಗಳಲ್ಲಿ ಅದು ತಂದೆಯಿಂದ ಮಕ್ಕಳಿಗೆ ಇಳಿಯತೊಡಗಿ ಮನೆತನದ ಹೆಸರಾಯಿತು. ಬಡಗಿಯ ಹೆಸರುಳ್ಳವನು ಬಟ್ಟೆಯ ವ್ಯಾಪಾರಿಯಾದರೂ ಹೆಸರು ಮಾತ್ರ ಬಡಗಿಯದೇ ಆಗಿ ಉಳಿಯಿತು.

ಕನ್ನಡಿಗರಿಗೆ ಇದು ಹೊಸದಾಗಿ ತೋರಬೇಕಾದುದಿಲ್ಲ. ಧಾರವಾಡ, ವಿಜಯಪುರದ ಸೀಮೆಗಳಲ್ಲಿ ಬಡಿಗೇರ, ಕಂಬಾರ, ಪತ್ತಾರ ಎಂಬವು ಕಸಬಿನ ಹೆಸರುಗಳು. ಗುಡ್ಡದ, ತೋಟದ, ಹೊಸಮನಿ ಎಂಬವು ಸ್ಥಳದ ಹೆಸರುಗಳು. ಬಸಪ್ಪನವರ, ಚನ್ನಪ್ಪನವರ ಎಂಬವು ಹಿರಿಯರ ಹೆಸರಿನಿಂದ ಬಂದವುಗಳು. ಬೆಲ್ಲದ, ಮೆಣಸಿನಕಾಯಿ, ಉಳ್ಳಾಗಡ್ಡಿ ಎಂಬ ಹೆಸರುಗಳೂ ಉಂಟು. ಹಳೆಯ ಮೈಸೂರಿನ ನಮ್ಮಲ್ಲಿ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳೇ ಈ ಕೆಲಸವನ್ನು ಮಾಡುತ್ತವೆ.

ಇನ್ನು ಕಾಕ್ಸ್ ಎಂಬುದನ್ನು ಬಿಡಿಸಿ ನೋಡೋಣ. ಇಂಗ್ಲೀಷಿನಲ್ಲಿ ಎಕ್ಸ್ ಎಂಬ ಅಕ್ಷರದಿಂದ ಅದು ಮುಗಿಯುವುದಾದರೂ, ಆ ಅಕ್ಷರವು ಕಕಾರ ಸಕಾರಗಳೆರಡನ್ನೂ ಒಟ್ಟಿಗೆ ಬರೆಯುವ ಉಪಾಯವೇ ಹೊರತು ಬೇರೆಯಲ್ಲ. ಹಿಂದಿನ ದಾಖಲೆಗಳಲ್ಲಿ ಅದನ್ನು ಬಿಡಿಸಿ ಬರೆದಿರುವುದೂ ಉಂಟು. ಕೊನೆಯ ಸಕಾರವು ಜೋನ್ಸ್, ವಿಲಿಯಮ್ಸ್, ರಾಬರ್ಟ್ಸ್ ಮುಂತಾದವುಗಳಲ್ಲಿರುವಂತೆ ಷಷ್ಠೀ ವಿಭಕ್ತಿಯ ಪ್ರತ್ಯಯ. ಬಸಪ್ಪನವರ ಎಂಬಲ್ಲಿರುವ ಪ್ರತ್ಯಯವೂ ಇದೇ ಕೆಲಸವನ್ನು ಮಾಡುವುದಷ್ಟೆ. ಆದುದರಿಂದ ಕಾಕ್ಸ್ ಎಂದರೆ ಕಾಕ್ ಎಂಬುವನ ಮಗ. ಕೆಲವೆಡೆ ಅವನ ಹೆಂಡತಿ ಅಥವಾ ಅವನ ಮನೆಯ ಆಳು ಎಂದೂ ಆಗಬಹುದು. ಪ್ರಶ್ನೆಯೆಲ್ಲವೂ ಈ ಕಾಕ್ ಯಾರು ಎಂಬುದರಲ್ಲಿದೆ.

ಮೊದಲನೆಯ ಮೂಲವು ಮುದ್ದಿನ ಹೆಸರು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಚುರುಕಾದ ಹುಡುಗರನ್ನು ಪ್ರೀತಿಯಿಂದ ಕಾಕ್ ಎಂದು ಕರೆಯುತ್ತಿದ್ದರು. ಅದನ್ನು ಹೆಸರುಗಳ ಕೊನೆಗೂ ಸೇರಿಸುತ್ತಿದ್ದರು. ವಿಲಿಯಮ್ಮನು ವಿಲ್ಕಾಕ್ ಆದನು. ಜಾನನು ಹ್ಯಾನ್‌ಕಾಕ್ ಆದನು. ಸೈಮನ್ನನು ಸಿಮ್‌ಕಾಕ್, ಆಡಮನು ಆಡ್‌ಕಾಕ್ ಆದರು. ನಾವು ಪ್ರಾಣಿಗಳ ಶಿಶುವಿಗೆ ಹೇಳುವ ಮರಿ ಎಂಬ ಮಾತನ್ನು ಮಕ್ಕಳ ಮುದ್ದಿಗೆ ಬಳಸಿ, ಮರಿಯಪ್ಪ, ಮರಿಗೌಡ ಎಂದು ದೊಡ್ಡವರಿಗೂ ಉಳಿಸಿಕೊಂಡಂತೆಯೇ ಇದು. ಇಂದಿನ ವಿಲ್ಕಾಕ್ಸ್, ಹ್ಯಾನ್‌ಕಾಕ್, ಸಿಮ್‌ಕಾಕ್ಸ್ ಮನೆತನಗಳು ಹೀಗೆ ಬಂದವು. ಮುದ್ದಿನ ಮಾತನ್ನೇ ಬಿಡಿಯಾಗಿ ಹೆಸರಾಗಿ ಪಡೆದವನ ಮಕ್ಕಳು ಕಾಕ್ಸ್ ಆದರು.

ಎರಡನೆಯದು ಹುಂಜವೇ. ಎದೆಯುಬ್ಬಿಸಿ ನಡೆಯುವವನಿಗೆ ಅಥವಾ ಜಂಬದ ಮಾತುಗಾರನಿಗೆ ಊರವರು ಈ ಹೆಸರನ್ನು ಇಟ್ಟಿರುವುದುಂಟು. ಗೇಲಿಯಿಂದ ಹುಟ್ಟಿದ ಹೆಸರು ಎರಡು ತಲೆಮಾರು ಕಳೆಯುವುದರೊಳಗಾಗಿ ಗೌರವದ ಹೆಸರಾಗುವುದು ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ. ನಮ್ಮ ಮಂಗಳೂರಿನ ಕ್ರೈಸ್ತ ಕುಟುಂಬಗಳ ಪೋರ್ಚುಗೀಸು ಹೆಸರುಗಳನ್ನೇ ನೋಡಿರಿ. ಲೋಬೊ ಎಂದರೆ ತೋಳ, ಕುವೆಲ್ಲೊ ಎಂದರೆ ಮೊಲ. ಪಿಂಟೊ ಎಂಬ ಶಬ್ದಕ್ಕೆ ಕೋಳಿಮರಿ ಎಂಬ ಅರ್ಥವೂ ಉಂಟು. ಆ ಹೆಸರುಗಳನ್ನು ಧರಿಸಿದ ನ್ಯಾಯವಾದಿಗಳನ್ನೂ ವೈದ್ಯರನ್ನೂ ಕಂಡು ಯಾರೂ ತೋಳವನ್ನಾಗಲಿ ಮೊಲವನ್ನಾಗಲಿ ನೆನೆಯುವುದಿಲ್ಲ.

ಮೂರನೆಯ ಮೂಲವು ಅಡಿಗೆಯವನು. ಹಳೆಯ ಇಂಗ್ಲೀಷಿನಲ್ಲಿ ಹುಂಜವನ್ನು ಹೇಳುವ ಶಬ್ದಕ್ಕೆ ಹ್ರಸ್ವ ಸ್ವರ. ಅಡಿಗೆಯವನನ್ನು ಹೇಳುವ ಶಬ್ದಕ್ಕೆ ದೀರ್ಘ ಸ್ವರ. ಕಿವಿಗೆ ಎರಡೂ ಬೇರೆ. ಆದರೆ ರೋಮನ್ ಅಕ್ಷರಗಳಲ್ಲಿ ಹ್ರಸ್ವದೀರ್ಘಗಳ ಭೇದವನ್ನು ಸ್ಪಷ್ಟವಾಗಿ ತೋರಿಸುವ ಸೌಕರ್ಯವಿಲ್ಲದುದರಿಂದ ಲೆಕ್ಕಿಗರು ಎರಡನ್ನೂ ಒಂದೇ ಬಗೆಯಾಗಿ ಬರೆದರು. ನಮ್ಮ ಪುರಾತನ ಶಾಸನಗಳಲ್ಲಿಯೂ ಒಕಾರ ಓಕಾರಗಳಿಗೆ ಬರಹದಲ್ಲಿ ಭೇದವಿಲ್ಲದುದರಿಂದ, ಕೊಡು ಎಂಬುದೋ ಕೋಡು ಎಂಬುದೋ ಎಂದು ವಿದ್ವಾಂಸರು ಸಂದರ್ಭವನ್ನು ನೋಡಿ ನಿರ್ಧರಿಸಬೇಕಾಗುತ್ತದೆ. ಆದರೆ ಕಂದಾಯದ ಪಟ್ಟಿಯಲ್ಲಿ ಹೆಸರಿನ ಹಿಂದುಮುಂದೆ ಸಂದರ್ಭವೆಲ್ಲಿಂದ ಬರಬೇಕು? ಹೀಗೆ ಅಡಿಗೆಯವನ ಮಕ್ಕಳೂ ಹುಂಜನೆನಿಸಿಕೊಂಡವನ ಮಕ್ಕಳೂ ಒಂದೇ ಹೆಸರಿನಲ್ಲಿ ಬೆರೆತುಹೋದರು.

ಕುಕ್ ಎಂಬ ಹೆಸರಿಗೂ ಅಡಿಗೆಯವನೆಂದೇ ಅರ್ಥ. ಆದುದರಿಂದ ಅಕ್ಕಪಕ್ಕದಲ್ಲಿರುವ ಕಾಕ್ಸ್ ಟೌನು ಕುಕ್ ಟೌನುಗಳೆರಡೂ, ಈ ಒಂದು ಮೂಲವನ್ನು ಒಪ್ಪುವುದಾದರೆ, ಒಂದೇ ಶಬ್ದದ ಎರಡು ಕವಲುಗಳಾಗಬಹುದು. ಇನ್ನೂ ಒಂದು ವಿನೋದವುಂಟು. ಹಳಗನ್ನಡದಲ್ಲಿ ಬಾಣಸವೆಂದರೆ ಅಡಿಗೆ, ಬಾಣಸಿಗನೆಂದರೆ ಅಡಿಗೆಯವನು. ಕುಕ್ ಟೌನಿನಿಂದ ಅನತಿದೂರದಲ್ಲಿರುವ ಬಾಣಸವಾಡಿಯು ಇದೇ ಶಬ್ದವನ್ನು ಹೊತ್ತಂತೆ ಕಾಣುತ್ತದೆ. ದೊಡ್ಡ ಅರಮನೆ, ಮಠಗಳ ಪಾಕಶಾಲೆಯ ಅಧಿಕಾರವು ಆ ಕಾಲದಲ್ಲಿ ಎರಡು ದೇಶಗಳಲ್ಲಿಯೂ ಕೀಳಾದ ಹುದ್ದೆಯಾಗಿರಲಿಲ್ಲವೆಂಬುದನ್ನು ಇಲ್ಲಿ ನೆನೆಯತಕ್ಕದ್ದು.

ನಾಲ್ಕನೆಯದು ಸ್ಥಳವಾಚಕ. ಹಳೆಯ ಇಂಗ್ಲೀಷಿನಲ್ಲಿ ಇದೇ ಧ್ವನಿಯ ಇನ್ನೊಂದು ಶಬ್ದಕ್ಕೆ ರಾಶಿ, ದಿಣ್ಣೆ ಎಂಬ ಅರ್ಥವಿತ್ತು. ಹೊಲದಲ್ಲಿ ಒಟ್ಟಿದ ಹುಲ್ಲಿನ ಗುಪ್ಪೆಗೆ ಇಂದಿಗೂ ಇಂಗ್ಲೀಷಿನಲ್ಲಿ ಈ ಮಾತು ಸೇರಿಯೇ ಬರುವುದು. ದಿಣ್ಣೆಯ ಬಳಿಯಲ್ಲಿ ಮನೆಯುಳ್ಳವನಿಗೆ ಆ ಹೆಸರು ಬಂದಿತು. ನಮ್ಮ ಗುಡ್ಡದ ಎಂಬ ಮನೆತನದವರು ಇವರಿಗೆ ಅರ್ಥದಿಂದ ಬಂಧುಗಳು. ಇದಕ್ಕೆ ಪ್ರತಿಯಾದ ಉದಾಹರಣೆಯೊಂದು ಕನ್ನಡದಲ್ಲಿಯೇ ಇದೆ. ಕೋಳಿವಾಡ ಎಂಬ ಮನೆತನದ ಹೆಸರನ್ನು ಕೇಳಿದವರಿಗೆ ಕೋಳಿಯು ಮೊದಲು ಹೊಳೆಯುವುದು. ಆದರೆ ಆ ಹೆಸರು ಧಾರವಾಡ ಜಿಲ್ಲೆಯ ಕೋಳಿವಾಡ ಗ್ರಾಮದಿಂದ ಬಂದುದು. ಕುಮಾರವ್ಯಾಸನ ಹುಟ್ಟೂರೆಂದು ಪ್ರಸಿದ್ಧವಾದ ಗ್ರಾಮವದು.

ಐದನೆಯ ಮೂಲವನ್ನು ಹುಡುಕುವುದಕ್ಕೆ ಇಂಗ್ಲೆಂಡಿನ ಪಶ್ಚಿಮದಲ್ಲಿರುವ ವೇಲ್ಸ್ ದೇಶಕ್ಕೆ ಹೋಗಬೇಕು. ಅಲ್ಲಿನ ಭಾಷೆಯಲ್ಲಿ ಕೋಖ್ ಎಂದರೆ ಕೆಂಪು. ಕೆಂಗೂದಲಿನವನನ್ನು ಹಾಗೆ ಕರೆಯುತ್ತಿದ್ದರು. ಶಬ್ದದ ಮೊದಲ ವ್ಯಂಜನವು ಮೃದುವಾಗಿ ಅದು ಗೋಖ್ ಎಂದೂ ಆಗುತ್ತಿತ್ತು. ಗಫ್, ಗೂಚ್ ಎಂಬ ಮನೆತನಗಳು ಅದರಿಂದ ಬಂದವು. ಗಡಿನಾಡಿನ ಕೆಲವು ಕುಟುಂಬಗಳಲ್ಲಿ ಕೋಖ್ ಎಂಬುದು ಇಂಗ್ಲೀಷರ ಬಾಯಲ್ಲಿ ಕಾಕ್ಸ್ ಆಯಿತು. ರಸೆಲ್ ಎಂಬ ಹೆಸರೂ ಫ್ರೆಂಚರ ಹಳೆಯ ಭಾಷೆಯಲ್ಲಿ ಕೆಂಗೂದಲಿನ ಚಿಕ್ಕವನೆಂಬ ಅರ್ಥದ್ದು. ನಮ್ಮ ಕೆಂಚಪ್ಪ, ಕೆಂಪಯ್ಯ ಎಂಬ ಹೆಸರುಗಳು ಇವುಗಳಿಗೆ ಸಮಾನವಾಗಿ ತೋರುವುವು. ಆದರೆ ಇಲ್ಲಿಯೂ ಎಚ್ಚರಿಕೆ ಬೇಕು. ಕೆಂಪಮ್ಮನೆಂಬ ದೇವಿಯ ಹೆಸರನ್ನು ಮಕ್ಕಳಿಗಿಡುವ ರೂಢಿಯಿರುವುದರಿಂದ, ಕೆಂಪನೆಂಬುವನು ಕೆಂಪಗೆ ಇರಲೇಬೇಕೆಂದು ನಿಯಮವಿಲ್ಲ.

ಆರನೆಯದು ಎಲ್ಲಕ್ಕಿಂತ ವಿಚಿತ್ರವಾದುದು. ಅದು ಭಾಷಾಂತರದಿಂದ ಹುಟ್ಟಿದ ಹೆಸರು. ಐರ್ಲೆಂಡಿನ ರಾಸ್ಕಾಮನ್ ಪ್ರಾಂತದಲ್ಲಿ ಮಕ್ವಿಲಿ ಎಂಬ ಮನೆತನವಿತ್ತು. ಐರಿಷ್ ಭಾಷೆಯಲ್ಲಿ ಅದಕ್ಕೆ ಹುಂಜದ ಮಗನೆಂದು ಅರ್ಥ. ಇಂಗ್ಲೀಷರ ಆಳ್ವಿಕೆಯಲ್ಲಿ ಐರಿಷ್ ಹೆಸರುಗಳಿಗೆ ಮನ್ನಣೆಯಿಲ್ಲದೆ ಹೋದಾಗ ಆ ಕುಟುಂಬದವರಲ್ಲಿ ಅನೇಕರು ತಮ್ಮ ಹೆಸರನ್ನು ಇಂಗ್ಲೀಷಿಗೆ ತಿರುಗಿಸಿ ಕಾಕ್ಸ್ ಎಂದು ಬರೆಯಿಸಿದರು. ಇವರ ರಕ್ತದಲ್ಲಿ ಇಂಗ್ಲೀಷಿನ ಸೋಂಕಿಲ್ಲದಿದ್ದರೂ ಹೆಸರು ಇಂಗ್ಲೀಷಿನದು. ಬೆಂಗಳೂರು ದಂಡಿಗೆ ಬಂದ ಗೋರಾ ಸಿಪಾಯಿಗಳಲ್ಲಿ ಐರಿಷರೂ ಬಹುಮಂದಿ ಇದ್ದರೆಂಬುದನ್ನು ನೆನೆದರೆ ಈ ಮೂಲವು ನಮಗೆ ದೂರದ್ದೆಂದು ತೋರದು.

ಹೆಸರನ್ನು ಭಾಷಾಂತರಿಸುವ ಪದ್ಧತಿಯು ನಮ್ಮ ಸಭೆಗಳಲ್ಲಿಯೂ ಪರಿಚಿತವೇ. 1745ರಲ್ಲಿ ದೀಕ್ಷಾಸ್ನಾನವನ್ನು ಹೊಂದಿದ ತಿರುವಾಂಕೂರಿನ ದೇವಸಹಾಯಂ ಪಿಳ್ಳೆಯವರಿಗೆ ಲಾಜರನೆಂಬ ಹೆಸರೇ ತಮಿಳಿನ ರೂಪದಲ್ಲಿ ದೊರೆಯಿತು. ದೇವರು ಸಹಾಯಮಾಡಿದನೆಂಬುದೇ ಆ ಇಬ್ರಿಯ ಹೆಸರಿನ ಅರ್ಥ. 2022ರಲ್ಲಿ ಅವರನ್ನು ಸಂತರೆಂದು ಘೋಷಿಸಿದರು. ಹಲಸೂರು, ಶಿವಾಜಿನಗರಗಳ ತಮಿಳು ಕ್ರೈಸ್ತರಲ್ಲಿ ಈ ಹೆಸರು ಬಲು ಬಳಕೆಯಲ್ಲಿದೆ.

ಈ ಆರು ಮೂಲಗಳಿಂದ ತಿಳಿಯುವುದೇನು? ಕಾಕ್ಸ್ ಎಂಬ ಹೆಸರಿನವರೆಲ್ಲರೂ ಒಬ್ಬ ಮೂಲಪುರುಷನ ಸಂತಾನವಲ್ಲ. ಬಂಗಾಳದ ಕಡಲತೀರದ ಕಾಕ್ಸ್ ಬಜಾರ್ ಎಂಬ ಪಟ್ಟಣಕ್ಕೆ, ಆರಾಕಾನಿನಿಂದ ಓಡಿಬಂದ ನಿರಾಶ್ರಿತರಿಗೆ ನೆಲೆ ಕಲ್ಪಿಸುವ ಕೆಲಸದಲ್ಲಿದ್ದು 1799ರಲ್ಲಿ ತೀರಿಕೊಂಡ ಹೈರಂ ಕಾಕ್ಸ್ ಎಂಬ ಸೇನಾಧಿಕಾರಿಯ ಹೆಸರಾಯಿತು. 1758ರಲ್ಲಿ ರಿಚರ್ಡ್ ಕಾಕ್ಸ್ ಎಂಬವರು ಇಂಗ್ಲೆಂಡಿನ ಪಲ್ಟನುಗಳ ಸಂಬಳ ಸಾಮಗ್ರಿಗಳ ಏಜೆಂಟರಾಗಿ ಪ್ರಸಿದ್ಧವಾದ ಕೋಠಿಯೊಂದನ್ನು ಸ್ಥಾಪಿಸಿದರು. ಅದೇ ಹೆಸರಿನ ಇನ್ನೊಬ್ಬ ರಿಚರ್ಡ್ ಕಾಕ್ಸರು ಮದ್ಯ ತಯಾರಿಕೆಯ ಉದ್ಯೋಗದಿಂದ ನಿವೃತ್ತರಾಗಿ, ಸುಮಾರು 1825ರಲ್ಲಿ ತಮ್ಮ ತೋಟದಲ್ಲಿ ಬೆಳೆಯಿಸಿದ ಸೇಬು ಇಂಗ್ಲೆಂಡಿನಲ್ಲೆಲ್ಲಾ ಅವರ ಹೆಸರಿನಿಂದಲೇ ಮಾರಾಟವಾಗುತ್ತದೆ. ನಮ್ಮ ಕಲೆಕ್ಟರು ನಾಲ್ಕನೆಯವರು. ಇವರಲ್ಲಿ ಒಬ್ಬನ ಪೂರ್ವಜನು ಅಡಿಗೆಯವನೂ ಇನ್ನೊಬ್ಬನ ಪೂರ್ವಜನು ದಿಣ್ಣೆಯ ಮನೆಯವನೂ ಆಗಿರುವುದಕ್ಕೆ ಹೆಸರು ಯಾವ ಅಡ್ಡಿಯನ್ನೂ ಮಾಡುವುದಿಲ್ಲ.

ಈ ಮಾತಿಗೆ ಈಚೆಗೆ ಶಾಸ್ತ್ರದ ಸಮರ್ಥನೆಯೂ ದೊರೆತಿದೆ. ತಂದೆಯಿಂದ ಮಗನಿಗೆ ಮಾತ್ರ ಇಳಿಯುವ ವರ್ಣತಂತುವೊಂದು ಗಂಡಸರ ದೇಹದಲ್ಲುಂಟು. ಇಂಗ್ಲೆಂಡಿನ ಲೆಸ್ಟರ್ ವಿಶ್ವವಿದ್ಯಾಲಯದ ವಿದ್ವಾಂಸರು 40 ಮನೆತನದ ಹೆಸರುಗಳುಳ್ಳ ಗಂಡಸರಲ್ಲಿ ಅದನ್ನು ಪರೀಕ್ಷಿಸಿ 2009ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಅಪರೂಪವಾದ ಹೆಸರುಳ್ಳವರಲ್ಲಿ ಬಹುಮಂದಿಗೆ ಮೂಲಪುರುಷನು ಒಬ್ಬನೇ ಇದ್ದನು. ಸ್ಮಿತ್ ಎಂಬಂಥ ಸಾಮಾನ್ಯವಾದ ಹೆಸರುಳ್ಳವರಿಗಾದರೋ ಪರಸ್ಪರ ಸಂಬಂಧವು ಬೀದಿಯಲ್ಲಿ ಹೋಗುವ ಇಬ್ಬರು ಅಪರಿಚಿತರಿಗಿರುವುದಕ್ಕಿಂತ ಹೆಚ್ಚಾಗಿ ಕಾಣಲಿಲ್ಲ.

ಇಷ್ಟೇ ಅಲ್ಲ. ಶಬ್ದದ ಮೂಲವು ಒಂದು ವಿಷಯ. ಆ ಶಬ್ದವು ಒಬ್ಬ ಮನುಷ್ಯನಿಗೆ ಬಂದ ದಾರಿಯು ಬೇರೊಂದು ವಿಷಯ. ಹೆಸರು ಹುಟ್ಟಿನಿಂದ ಬರಬಹುದು. ವಿವಾಹದಿಂದ, ದತ್ತುಸ್ವೀಕಾರದಿಂದ, ದೀಕ್ಷಾಸ್ನಾನದಿಂದ ಬರಬಹುದು. ಗುಮಾಸ್ತನ ಲೇಖನಿಯಿಂದಲೂ ಬರಬಹುದು. ಮಂಗಳೂರಿನ ಪಿಂಟೊಗಳ ಪೂರ್ವಿಕರು ಗೋವೆಯ ಕೊಂಕಣಿಗರೇ ಹೊರತು ಪೋರ್ಚುಗಲ್ಲಿನವರಲ್ಲ. ಪಾಟೀಲ, ದೇಸಾಯಿ ಎಂಬ ಹೆಸರುಗಳು ಅಧಿಕಾರವನ್ನು ಹೇಳುವವಾದುದರಿಂದ ಲಿಂಗಾಯತರು, ಬ್ರಾಹ್ಮಣರು, ಜೈನರು, ಮುಸಲ್ಮಾನರು ಎಲ್ಲರಲ್ಲಿಯೂ ಇವೆ. ಆದುದರಿಂದ ಇಂಗ್ಲೀಷು ಹೆಸರಿನ ಹುಡುಗಿಯೊಬ್ಬಳನ್ನು ಕಂಡು ನೀನು ಯಾವ ದೇಶದವಳೆಂದು ಕೇಳುವುದೂ, ಕಸಬಿನ ಹೆಸರುಳ್ಳವಳನ್ನು ಕಂಡು ಅಂತಸ್ತನ್ನು ಅಳೆಯುವುದೂ, ಪ್ರಾಣಿಯ ಹೆಸರುಳ್ಳವಳನ್ನು ತರಗತಿಯಲ್ಲಿ ಹಾಸ್ಯಮಾಡುವುದೂ ಅಜ್ಞಾನದ ಫಲವೆಂದೇ ಹೇಳಬೇಕು. ಹಾಸ್ಯಕ್ಕೆ ಗುರಿಯಾದ ಮಗುವು ಹೆಸರನ್ನೇ ಬದಲಾಯಿಸಬೇಕೆಂದು ಹಟಹಿಡಿದರೆ, ತಂದೆತಾಯಿಗಳು ಮೊದಲು ಆ ಹೆಸರಿನ ಕಥೆಯನ್ನು ಅವಳಿಗೆ ಹೇಳುವುದು ಲೇಸು.

ಸ್ತ್ರೀಯರಾದ ನಮಗೆ ಇದರಲ್ಲಿ ಇನ್ನೂ ಒಂದು ಸಂಗತಿಯು ಮುಖ್ಯವಾದುದು. ಒಬ್ಬೊಬ್ಬರಿಗೂ ಮುತ್ತಜ್ಜ ಮುತ್ತಜ್ಜಿಯರು ಎಂಟು ಮಂದಿ. ಮನೆತನದ ಹೆಸರು ಅವರಲ್ಲಿ ಒಬ್ಬ ಮುತ್ತಜ್ಜನ ನೆನಪನ್ನು ಮಾತ್ರ ಉಳಿಸಿ, ಮಿಕ್ಕ ಏಳು ಮಂದಿಯ ವಿಷಯದಲ್ಲಿ ಮೌನವಾಗಿರುತ್ತದೆ. ಭಾರತದ ಸಂವಿಧಾನದ 366ನೆಯ ಅನುಚ್ಛೇದವು ಆಂಗ್ಲೋ ಇಂಡಿಯನ್ನರು ಯಾರೆಂಬುದನ್ನು ವಿವರಿಸುವಾಗಲೂ ಪುರುಷಪರಂಪರೆಯನ್ನೇ ಗಣಿಸಿದೆ. ದಂಡಿನ ಎಷ್ಟೋ ಕುಟುಂಬಗಳಲ್ಲಿ ತಂದೆಯ ಕಡೆಯ ಸಿಪಾಯಿಯ ಹೆಸರು ಇಂದಿನವರೆಗೂ ಬಂದಿದೆ. ಅವನ ಕೈಹಿಡಿದು ಮನೆಯನ್ನು ನಡೆಯಿಸಿದ ಈ ನಾಡಿನ ಹೆಣ್ಣಿನ ಹೆಸರು ದಾಖಲೆಯಲ್ಲಿ ಕೂಡ ಸಿಕ್ಕುವುದಿಲ್ಲ. ವಿವಾಹಿತೆಯು ಗಂಡನ ಮನೆತನದ ಹೆಸರನ್ನು ಧರಿಸಲೇಬೇಕೆಂದು ನಮ್ಮ ದೇಶದ ಯಾವ ಕಾನೂನೂ ವಿಧಿಸಿಲ್ಲ. ರೂಢಿಯಂತೆ ಧರಿಸುವವರೂ ತವರಿನ ಹೆಸರನ್ನು ಮರೆಯಬೇಕಾದುದಿಲ್ಲ.

ತಮ್ಮ ಮನೆತನದ ಹೆಸರಿನ ಮೂಲವನ್ನು ತಿಳಿಯಲಿಚ್ಛಿಸುವವರು ಈ ಕ್ರಮವನ್ನು ಅನುಸರಿಸಬಹುದು. ಮೊದಲು ಮನೆಯ ಹಿರಿಯರನ್ನು, ವಿಶೇಷವಾಗಿ ಅಜ್ಜಿಯರನ್ನು, ಕೇಳಿ ಬರೆದಿಟ್ಟುಕೊಳ್ಳಬೇಕು. ಅನಂತರ ದೀಕ್ಷಾಸ್ನಾನ, ವಿವಾಹ, ಸಮಾಧಿಗಳ ಸಭಾಪುಸ್ತಕಗಳಲ್ಲಿ ಹೆಸರಿನ ಅತಿ ಹಳೆಯ ಅಕ್ಷರರೂಪವನ್ನು ಹುಡುಕಬೇಕು. ಇಂಗ್ಲೆಂಡಿನಲ್ಲಿ ಇಂತಹ ಪುಸ್ತಕಗಳನ್ನು ಇಡಬೇಕೆಂದು 1538ರಲ್ಲಿಯೇ ಆಜ್ಞೆಯಾಯಿತು. ನಮ್ಮ ದಂಡಿನ ಹಳೆಯ ದೇವಾಲಯಗಳಲ್ಲಿಯೂ ಅವು ಉಂಟು. ಆ ರೂಪವು ಯಾವ ಊರಿನಲ್ಲಿ, ಯಾವ ಭಾಷೆಯವರ ನಡುವೆ ಮೊದಲು ಕಂಡಿತೆಂಬುದನ್ನು ಗೊತ್ತುಮಾಡಿದ ಮೇಲೆಯೇ ನಿಘಂಟನ್ನು ತೆರೆಯತಕ್ಕದ್ದು. ಮೊದಲೇ ನಿಘಂಟನ್ನು ತೆರೆದವರಿಗೆ ಆರು ಅರ್ಥಗಳು ಸಿಕ್ಕುವುವು. ತಮ್ಮದು ಯಾವುದೆಂಬುದು ಮಾತ್ರ ಸಿಕ್ಕದು.

ಕಡೆಯದಾಗಿ ಹಳೆಯ ವಿದ್ಯಾರ್ಥಿನಿಯರಲ್ಲಿ ಒಂದು ಬಿನ್ನಹ. ವಿವಾಹಾನಂತರ ಹೆಸರು ಬದಲಾದುದರಿಂದಲೇ ಒಂದೇ ಬೆಂಚಿನಲ್ಲಿ ಕುಳಿತ ಗೆಳತಿಯರು ಒಬ್ಬರನ್ನೊಬ್ಬರು ಪತ್ತೆಮಾಡಲಾರದೆ ಇದ್ದಾರೆ. ಶಾಲೆಗೆ ಪತ್ರ ಬರೆಯುವಾಗ ಈಗಿನ ಹೆಸರಿನೊಡನೆ ಶಾಲೆಯಲ್ಲಿದ್ದಾಗಿನ ಹೆಸರನ್ನೂ, ಸಾಧ್ಯವಾದರೆ ತಾಯಿಯ ತವರುಮನೆಯ ಹೆಸರನ್ನೂ ತಪ್ಪದೆ ಬರೆಯಿರಿ. ಆ ಮೂರು ಹೆಸರುಗಳು ಒಂದೆಡೆ ಸೇರಿದರೆ ನಿಮ್ಮ ಮೊಮ್ಮಕ್ಕಳಿಗೆ ಹುಡುಕುವ ಶ್ರಮವು ಅಷ್ಟರಮಟ್ಟಿಗೆ ತಪ್ಪುವುದು. ನಿಮ್ಮ ಗೆಳತಿಯರಿಗಂತೂ ಈ ವರುಷವೇ ನಿಮ್ಮ ವಿಳಾಸವು ದೊರೆಯುವುದು.